ಲಾಮಾ ಕ್ಯಾಂಪಿನ ಕಾರ್ತೀಕ

ಅವ್ವನ ಹತ್ತಿರ ಒಂದು ಕಂದು ಬಣ್ಣದ ಸ್ವೆಟರ್ ಇದೆ. ನಾನು ಹೈಸ್ಕೂಲಿನಲ್ಲಿದ್ದಾಗ ಹುಬ್ಬಳ್ಳಿಯ ರಸ್ತೆ ಬದಿಯಲ್ಲಿ ಕೊಂಡದ್ದು. ಚಳಿ ಶುರುವಾಯಿತೆಂದರೆ ಟಿಬೇಟಿಯನ್ ಹೆಂಗಸರು ಅಲ್ಲಿ ಸ್ವೆಟರ್, ಶಾಲುಗಳನ್ನು ತೂಗುಹಾಕಿಕೊಂಡು ಸಾಲಾಗಿ ಕೂಡುತ್ತಿದ್ದರು. ಚೌಕಾಶಿಯ ನಡುವೆ ಅವ್ವ ಆ ಅಂಗಡಿಯಾಕೆಯನ್ನು "ನಿಮ್ಮೂರು ಯಾವುದವ್ವಾ?" ಎಂದು ಕೇಳಿದ್ದಳು. ಆಕೆ ಒಂದು ಗಳಿಗೆ ಸುಮ್ಮನಿದ್ದು "ಮುಂಡಗೋಡ ರೀ" ಎಂದಳು. ಆ ಒಂದು ಗಳಿಗೆಯ ಸುಮ್ಮನಿರುವಿಕೆ ಅವ್ವನಿಗೆ ಇಷ್ಟು ವರ್ಷ ನೆನಪಿತ್ತು. ಈ ಡಿಸೆಂಬರಿನಲ್ಲಿ ನಾನು "ಮುಂಡಗೋಡಕ್ಕ ಹೋಗೂಣು ಬಾ, ಅವರ ದೀಪದ ಹಬ್ಬ ಐತಿ" ಎಂದಾಗ ಆಕೆ ಮೊದಲು ಟ್ರಂಕಿನಿಂದ ಆ ಸ್ವೆಟರ್ ತೆಗೆದಳು. ಆಮೇಲೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು.

ಮೊದಲ ದಿನ

ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಬಸ್ಸಿಗೆ ಬರವಿಲ್ಲ. ತಡಸ ದಾಟುತ್ತಿದ್ದಂತೆ ಎರೆಮಣ್ಣು ಹಿಂದೆ ಸರಿದು ಕೆಂಪು ಮಣ್ಣು ಬರುತ್ತದೆ, ತೇಗದ ಗಿಡಗಳು ಬರುತ್ತವೆ, ಗಾಳಿ ತಣ್ಣಗಾಗುತ್ತದೆ. ಸುಗ್ಗಿಯ ಕಾಲ. ರಸ್ತೆಗೆ ಹತ್ತಿದ ಕಣಗಳಲ್ಲೆಲ್ಲ ಭತ್ತದ ರಾಶಿ, ಆಚೆ ಹುಲ್ಲಿನ ಬಣವೆ. ಕಿಟಕಿಯ ಹತ್ತಿರ ಕೂತ ಅವ್ವ ಒಂದೊಂದು ರಾಶಿ ಕಂಡಾಗಲೂ ಕೈಯೆತ್ತಿ ಮುಗಿಯುತ್ತಿದ್ದಳು.

ಮುಂಡಗೋಡದಲ್ಲಿ ಇಳಿದು ಆಟೋ ಹಿಡಿದರೆ ಸ್ವಲ್ಪ ಹೊತ್ತಿಗೇ ಟಿಬೇಟ್ ಕ್ಯಾಂಪ್. ಇಲ್ಲಿ ಊರುಗಳಿಗೆ ನಂಬರೇ ಹೆಸರು. ಜನವಸತಿಗೆ ಒಂದು, ಎರಡು, ಮೂರು ಎಂದು ಕ್ಯಾಂಪುಗಳು. ಮಠಗಳಿರುವ ಜಾಗಕ್ಕೆ ಲಾಮಾ ಕ್ಯಾಂಪ್ ಒಂದು ಮತ್ತು ಎರಡು. ಒಂದರಲ್ಲಿ ಗಾದೆನ್ ಮಠ, ಎರಡರಲ್ಲಿ ಡ್ರೆಪುಂಗ್. ಟಿಬೇಟಿನ ಬೌದ್ಧರು ಎಂದೊಡನೆ ನಮ್ಮಲ್ಲಿ ಎಲ್ಲರ ಬಾಯಿಗೂ ಬರುವುದು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್. ಅದು ಚೆಂದವೇ. ಆದರೆ ಲ್ಹಾಸಾದ ಸುತ್ತ ಹದಿನೈದನೆಯ ಶತಮಾನದಲ್ಲಿ ಕಟ್ಟಿದ ಗೆಲುಗ್ ಪಂಥದ ಮೂರು ಮಹಾಮಠಗಳು, ಅಂದರೆ ಗಾದೆನ್ (1409), ಡ್ರೆಪುಂಗ್ (1416), ಸೆರಾ (1419), ಮೂರೂ ಮತ್ತೆ ಬೇರೂರಿದ್ದು ಕರ್ನಾಟಕದ ನೆಲದಲ್ಲಿ ಎಂಬುದನ್ನು ನಾವು ಇನ್ನೂ ಸರಿಯಾಗಿ ಗಮನಿಸಿಯೇ ಇಲ್ಲ. ಸೆರಾ ಬೈಲಕುಪ್ಪೆಯಲ್ಲಿದೆ, ಉಳಿದೆರಡು ಇಲ್ಲಿ, ಮುಂಡಗೋಡದಲ್ಲಿ. ಧಾರವಾಡದಿಂದ ಎರಡು ತಾಸಿನ ದಾರಿಯಲ್ಲಿದ್ದ ಇದನ್ನು ನೋಡಲು ನನಗೆ ನಲವತ್ತು ವರ್ಷ ಬೇಕಾಯಿತು.

ಹಬ್ಬವಾದ್ದರಿಂದ ಮಠದ ಅತಿಥಿಗೃಹ ತುಂಬಿತ್ತು. ಹತ್ತು ದಿನ ಮೊದಲೇ ಫೋನ್ ಮಾಡಿದ್ದಕ್ಕೆ ನೆಲಮಾಳಿಗೆಯಲ್ಲಿ ಒಂದು ಕೋಣೆ ಸಿಕ್ಕಿತು. ನಮ್ಮ ಗುರುತಿನ ಚೀಟಿ ನೋಡಿ ಬರೆದುಕೊಂಡರು, ಅಷ್ಟೇ. ಪಕ್ಕದಲ್ಲಿ ನಿಂತಿದ್ದ ಒಂದು ಕುಟುಂಬಕ್ಕೆ ಮಾತ್ರ ತೊಂದರೆಯಾಯಿತು. ಅವರ ಅಳಿಯ ವಿದೇಶಿ ಪ್ರಜೆ. ವಿದೇಶಿ ಪಾಸ್‌ಪೋರ್ಟಿನವರು ಇಲ್ಲಿ ಉಳಿಯಬೇಕಾದರೆ ಕೇಂದ್ರ ಗೃಹ ಇಲಾಖೆಯ ವಿಶೇಷ ಪರವಾನಗಿ ಬೇಕು, ಅದಕ್ಕೆ ಬಹಳ ಮೊದಲೇ ಅರ್ಜಿ ಹಾಕಿರಬೇಕು. ಪಾಪ, ಅವರು ಹಾಗೇ ಹುಬ್ಬಳ್ಳಿಗೆ ಮರಳಿದರು.

ಸಂಜೆ ಡ್ರೆಪುಂಗಿನ ಕಡೆ ನಡೆದೆವು. ದೂರದಿಂದಲೇ ಚಪ್ಪಾಳೆ ಕೇಳುತ್ತಿತ್ತು. ಒಂದಲ್ಲ, ನೂರಾರು, ತಾಳವಿಲ್ಲದ ಚಪ್ಪಾಳೆ, ನಡುನಡುವೆ ಕೂಗು. "ಜಗಳಾ ಹತ್ತೇತೇನು?" ಎಂದು ಅವ್ವ ನಿಂತೇ ಬಿಟ್ಟಳು. ಅಂಗಳದಲ್ಲಿ ಕೆಂಪು ವಸ್ತ್ರದ ಭಿಕ್ಷುಗಳು ಜೋಡಿಜೋಡಿಯಾಗಿ, ಒಬ್ಬ ನೆಲದ ಮೇಲೆ ಕೂತು, ಇನ್ನೊಬ್ಬ ಎದುರು ನಿಂತು ವಾದಿಸುತ್ತಿದ್ದರು. ನಿಂತವನು ಪ್ರಶ್ನೆ ಮುಗಿಸಿದೊಡನೆ ಬಲಗೈಯನ್ನು ಎತ್ತಿ ಎಡಗೈ ಮೇಲೆ ಅಪ್ಪಳಿಸುತ್ತಾನೆ, ಜೊತೆಗೆ ಎಡಗಾಲನ್ನು ನೆಲಕ್ಕೆ ಬಡಿಯುತ್ತಾನೆ. ಕೂತವನು ಅಲುಗಾಡದೆ ಉತ್ತರ ಕೊಡಬೇಕು.

ಅಂಗಳದ ಅಂಚಿನ ಕಟ್ಟೆಯ ಮೇಲೆ ಕೂಡಬಹುದೇ ಎಂದು ಸನ್ನೆಯಲ್ಲೇ ಕೇಳಿದೆ. ಲಡಾಖಿನಿಂದ ಬಂದಿದ್ದ ಭಿಕ್ಷುವೊಬ್ಬರು ತಾವೇ ಸರಿದು ಜಾಗ ಮಾಡಿದರು, ಹಿಂದಿಯಲ್ಲಿ ವಿವರಿಸಿದರು. ಕೂತವನು ತನಗೆ ತೋಚಿದ್ದನ್ನೆಲ್ಲ ಹೇಳುವಂತಿಲ್ಲವಂತೆ. ಒಪ್ಪಿದೆ, ಯಾಕೆ, ಹೇತು ಸಿದ್ಧವಾಗಿಲ್ಲ, ವ್ಯಾಪ್ತಿ ಇಲ್ಲ ಎಂಬ ಕೆಲವೇ ಉತ್ತರಗಳು. ಹೇತು, ವ್ಯಾಪ್ತಿ! ಬಿ.ಎ.ಯಲ್ಲಿ ತರ್ಕಶಾಸ್ತ್ರದ ಪತ್ರಿಕೆಗೆ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಸಂಜೆ ಮರೆತ ಶಬ್ದಗಳು. ಹೊಗೆಯಿದ್ದಲ್ಲಿ ಬೆಂಕಿ ಎಂಬ ಅದೇ ಹಳೆಯ ಪಾಠ: ಹೊಗೆ ಹೇತು, ಹೊಗೆಯಿದ್ದಲ್ಲೆಲ್ಲ ಬೆಂಕಿ ಇದ್ದೇ ಇರುವುದು ವ್ಯಾಪ್ತಿ. ಇಲ್ಲಿ ಹದಿನಾರರ ಹುಡುಗರು ಅದನ್ನು ಕೈಕಾಲು ಬಡಿದು ಬದುಕಿಸಿಕೊಂಡಿದ್ದರು. ಅವರು ಓದುವ ಮುಖ್ಯ ಗ್ರಂಥಗಳೆಲ್ಲ ಧರ್ಮಕೀರ್ತಿ, ಚಂದ್ರಕೀರ್ತಿ, ವಸುಬಂಧು ಮುಂತಾದ ಭಾರತದ ಪಂಡಿತರವು. ಪೂರ್ತಿ ಓದಿ ‘ಗೆಶೆ’ ಪದವಿ ಪಡೆಯಲು ಹದಿನೈದು-ಇಪ್ಪತ್ತು ವರ್ಷ ಬೇಕು.

ಡ್ರೆಪುಂಗ್ ಅಂದರೇನು ಎಂದು ಕೇಳಿದೆ. "ಚಾವಲ್ ಕಾ ಢೇರ್" ಎಂದರು, ಅಕ್ಕಿಯ ರಾಶಿ. ಆಂಧ್ರದ ಅಮರಾವತಿಯ ಹಳೆಯ ಹೆಸರು ಧಾನ್ಯಕಟಕ. ಅದರ ಟಿಬೇಟಿ ರೂಪವೇ ಡ್ರೆಪುಂಗ್. ಕೃಷ್ಣಾ ತೀರದ ಹೆಸರು ಹಿಮಾಲಯ ಹತ್ತಿ, ಐದೂವರೆ ಶತಮಾನ ಅಲ್ಲಿದ್ದು, ಮತ್ತೆ ದಕ್ಷಿಣಕ್ಕೆ ಇಳಿದು ಬಂದಿದೆ. ಅವ್ವನಿಗೆ ಹೇಳಿದೆ. "ರಾಶಿ ಅಂತಾರೇನು ಮಠಕ್ಕ? ಚಲೋ ಹೆಸರಿಟ್ಟಾರ" ಎಂದು, ಬಸ್ಸಿನಲ್ಲಿ ಮಾಡಿದ ಹಾಗೆಯೇ, ಆ ಕಟ್ಟಡಕ್ಕೂ ಕೈ ಮುಗಿದಳು.

ನಾನೂ ಭಿಕ್ಷುವಿಗೆ ಒಂದು ಸಂಗತಿ ಹೇಳಿದೆ. ಇಲ್ಲಿಂದ ಬನವಾಸಿ ದೂರವಿಲ್ಲ. ಅಶೋಕನ ಕಾಲದ ಬೌದ್ಧ ಮಹಾಸಭೆಯ ನಂತರ ರಕ್ಖಿತ ಎಂಬ ಥೇರನನ್ನು, ಅಂದರೆ ಹಿರಿಯ ಭಿಕ್ಷುವನ್ನು, ಧರ್ಮಪ್ರಸಾರಕ್ಕಾಗಿ ‘ವನವಾಸ’ಕ್ಕೆ, ಅಂದರೆ ಬನವಾಸಿಯ ಸೀಮೆಗೆ, ಕಳಿಸಿದರೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಅವರು ಹೆಸರನ್ನು ಎರಡು ಸಲ ಕೇಳಿ, "ಹಾಗಾದರೆ ನಮಗಿಂತ ಮೊದಲೇ ಬಂದಿದ್ದಾರೆ" ಎಂದು ಮೊಬೈಲಿನಲ್ಲಿ ಬರೆದುಕೊಂಡರು.

ರಾತ್ರಿ ಒಂದು ಚಿಕ್ಕ ಹೋಟೆಲಿನಲ್ಲಿ ತರಕಾರಿ ಥುಕ್ಪಾ. ಅವ್ವ ಮಾಂಸ ಮುಟ್ಟುವವಳಲ್ಲ. ಸಸ್ಯಾಹಾರ ಎಂದು ಮೊದಲೇ ಹೇಳಿದರೆ ಸಾಕು, ಮಾಡಿಕೊಡುತ್ತಾರೆ. ಬಿಸಿ ಸಾರಿನಲ್ಲಿ ಕೈಯಲ್ಲಿ ಎಳೆದ ದಪ್ಪ ಶ್ಯಾವಿಗೆ, ಪಾಲಕ್, ಗಜ್ಜರಿ. ಪಕ್ಕದಲ್ಲಿಟ್ಟ ಕೆಂಪು ಖಾರದ ಚಟ್ನಿಯನ್ನು ಅವ್ವ ನೆಕ್ಕಿ ನೋಡಿ, ತನ್ನ ಶೇಂಗಾ ಚಟ್ನಿಯ ಡಬ್ಬಿ ತೆಗೆದು ಅಡುಗೆಯಾಕೆಗೆ ಒಂದು ಚಮಚ ಕೊಟ್ಟಳು. ಇಬ್ಬರೂ ತಲೆಯಾಡಿಸಿದರು.

ಎರಡನೆಯ ದಿನ

ನಸುಕಿನಲ್ಲಿ ಮಂಜು ಇಳಿದಿತ್ತು. ಐದೂವರೆಗೆ ಎದ್ದು ಗಾದೆನ್ ಕಡೆ ನಡೆದೆವು. ಮಂಜಿನೊಳಗಿಂದ ಮೊದಲು ಜಪಸರದ ಸದ್ದು, ಆಮೇಲೆ ಕೋಲಿನ ಸದ್ದು, ಆಮೇಲೆ ಮುದುಕಿಯೊಬ್ಬಳ ಆಕಾರ. ಮಠದ ಸುತ್ತ ಪ್ರದಕ್ಷಿಣೆ ಹಾಕುವ ಹಿರಿಯರು. ಪ್ರಾರ್ಥನಾ ಚಕ್ರಗಳ ಸಾಲನ್ನು ಬಲಗೈಯಿಂದ ತಿರುಗಿಸುತ್ತ, ‘ಓಂ ಮಣಿ ಪದ್ಮೆ ಹುಂ’ ಗುನುಗುತ್ತ ಹೋಗುತ್ತಿದ್ದರು. ದೇವರು ಯಾವಾಗಲೂ ಬಲಕ್ಕಿರಬೇಕು. ಇದನ್ನು ಅವ್ವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸೆರಗು ತಲೆ ಮೇಲೆ ಎಳೆದುಕೊಂಡು ಆ ಸಾಲಿನಲ್ಲಿ ಸೇರಿಯೇ ಹೋದಳು.

ನಾನು ಅಲ್ಲೊಂದು ತಪ್ಪು ಮಾಡಿದೆ. ಮಂಜು, ದೀಪ, ಸುಕ್ಕುಗಟ್ಟಿದ ಮುಖ, ಚಕ್ರದ ಮೇಲಿನ ಕೈ. ಅಷ್ಟೂ ಒಟ್ಟಿಗೆ ಕಂಡೊಡನೆ ಮೊಬೈಲ್ ಎತ್ತಿ ಒಬ್ಬ ಅಜ್ಜಿಯ ಫೋಟೋ ತೆಗೆದೆ. ಕೇಳಲಿಲ್ಲ. ಆಕೆ ಬೈಯಲಿಲ್ಲ. ಜಪ ನಿಲ್ಲಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ನಿಂತಳು, ನಾನು ದಾಟಿ ಹೋಗಲಿ ಎಂದು. ಆಕೆಯ ಎದುರಿಗೇ ಫೋಟೋ ಅಳಿಸಿ, ಪರದೆ ತೋರಿಸಿ, ಕೈ ಮುಗಿದೆ. ಆಕೆ ಮತ್ತೆ ಜಪ ಹಿಡಿದು ಹೊರಟಳು. ಆ ನಿಂತುಹೋದ ಜಪ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಮೊಬೈಲನ್ನು ಕೋಣೆಯಲ್ಲಿಟ್ಟು ಬಂದೆ. ರಾತ್ರಿಯವರೆಗೆ ಮುಟ್ಟಲಿಲ್ಲ.

ಪ್ರಾರ್ಥನೆ ಶುರುವಾದಾಗ ದೊಡ್ಡ ಸಭಾಂಗಣದ ಹಿಂದಿನ ಗೋಡೆಗೆ ಹತ್ತಿ ಕೂತೆವು. ಸಾರ್ವಜನಿಕರು ಕೂಡಬೇಕಾದ ಜಾಗ ಅದು. ಭಿಕ್ಷುಗಳ ಸಾಲುಗಳ ನಡುವೆ ಅಡ್ಡಾಡಬಾರದು, ಮೂರ್ತಿಯ ಕಡೆ ಕಾಲು ಚಾಚಬಾರದು. ಅವ್ವನಿಗೆ ಮೊಣಕಾಲು ನೋವು. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂಡಲಾರಳು. ಮೂಲೆಯಲ್ಲಿದ್ದ ಭಿಕ್ಷು ಗಮನಿಸಿ ಎರಡು ದಪ್ಪ ದಿಂಬು ತಂದು ಕೊಟ್ಟರು. ನೂರಾರು ಗಂಟಲುಗಳ ಆಳದ ದನಿ ಕಂಬಗಳ ಮೂಲಕ ಬೆನ್ನಿಗೆ ತಾಕುತ್ತಿತ್ತು. ಮಧ್ಯೆ ಉದ್ದ ಕಹಳೆಗಳು ಮೊಳಗಿದವು. ಆಮೇಲೆ ಹತ್ತು-ಹನ್ನೆರಡರ ಹುಡುಗರು ದೊಡ್ಡ ಕಿಟ್ಲಿ ಹಿಡಿದು ಓಡುತ್ತ ಬಂದು ಎಲ್ಲರಿಗೂ ಚಹಾ ಹೊಯ್ದರು, ಒಂದೊಂದು ರೊಟ್ಟಿ ಕೊಟ್ಟರು. ಹಿಂದೆ ಕೂತ ನಮಗೂ. "ಮರಿ ಸ್ವಾಮಿಗಳು" ಎಂದು ಅವ್ವ ಎರಡೂ ಕೈಯೊಡ್ಡಿ ಇಸಿದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು. ಬೆಣ್ಣೆ, ಉಪ್ಪು ಹಾಕಿದ ಚಹಾ. ಚಹಾ ಎಂದುಕೊಂಡು ಕುಡಿದರೆ ಗಂಟಲಿಗಿಳಿಯುವುದಿಲ್ಲ. ತಿಳಿಸಾರು ಎಂದುಕೊಂಡು ಕುಡಿಯಬೇಕು. ಅವ್ವ ಒಂದು ತೊಟ್ಟೂ ಬಿಡಲಿಲ್ಲ. ಪ್ರಸಾದವನ್ನು ಬಿಡುವವಳಲ್ಲ ಆಕೆ.

ಎದುರಿಗೆ ಬುದ್ಧ, ಪಕ್ಕದಲ್ಲಿ ಹಳದಿ ಟೋಪಿಯ ಇನ್ನೊಂದು ಮೂರ್ತಿ. "ಅವರ‍್ಯಾರು?" ಎಂದು ಅವ್ವ ಪಿಸುಗುಟ್ಟಿದಳು. ಜೆ ಸೋಂಗಖಾಪಾ, ಗಾದೆನ್ ಕಟ್ಟಿದ ಗುರು, 1419ರಲ್ಲಿ ಅದೇ ಮಠದಲ್ಲಿ ತೀರಿಕೊಂಡರು. ಟಿಬೇಟಿ ಪಂಚಾಂಗದ ಹತ್ತನೆಯ ತಿಂಗಳ ಇಪ್ಪತ್ತೈದನೆಯ ದಿನ ಅವರ ನೆನಪಿಗೆ ದೀಪ ಹಚ್ಚುತ್ತಾರೆ, ಅದೇ ಗಾದೆನ್ ಙಾಮ್ಚೋ. "ಹಂಗಾರ ಇದು ಪುಣ್ಯಸ್ಮರಣಿ ಅನ್ನು" ಎಂದಳು. ನಾನು ಓದಿಕೊಂಡು ಬಂದದ್ದೆಲ್ಲ ಆಕೆಯ ಒಂದು ಮಾತಿನಲ್ಲಿ ಕೂತಿತು.

ಹೊರಗೆ ಬಂದರೆ ಅವ್ವನ ಚಪ್ಪಲಿ ಇಲ್ಲ. ನೂರಾರು ಜೋಡುಗಳ ರಾಶಿ, ಎಲ್ಲ ಒಂದೇ ಬಗೆಯ ರಬ್ಬರ್ ಚಪ್ಪಲಿ. ಚಹಾ ಹೊಯ್ದಿದ್ದ ಹುಡುಗರಲ್ಲಿ ಇಬ್ಬರು ಹುಡುಕಲು ನಿಂತರು. ಭಾಷೆ ಬಾರದು, ಅವ್ವ ತನ್ನ ಹೆಬ್ಬೆರಳು ತೋರಿಸಿ "ಉಂಗುಷ್ಟದ್ದು, ಉಂಗುಷ್ಟದ್ದು" ಎನ್ನುತ್ತಿದ್ದಳು. ಕಾಲು ಗಂಟೆಯ ನಂತರ ಒಬ್ಬ ಅವುಗಳನ್ನು ಎದೆಗೆ ಹಿಡಿದುಕೊಂಡು ಓಡಿ ಬಂದ. ಯಾರೋ ಗುಡಿಸುವಾಗ ಮೆಟ್ಟಿಲ ಕೆಳಗೆ ಸರಿಸಿದ್ದರು. ಆ ಮಗು ತನ್ನ ಚಪ್ಪಲಿ ಹೊತ್ತು ತಂದದ್ದು ಅವ್ವನಿಗೆ ಸಹಿಸಲಾಗಲಿಲ್ಲ. "ಸ್ವಾಮಿಗಳ ಕೈಲೆ ಕಾಲ್ಮರಿ ಹೊರಿಸಿದ್ನೆಲ್ಲೋ ಶಿವನ" ಎಂದು ಕಣ್ಣೊರೆಸಿಕೊಂಡಳು. ಹೀಗೆ ಹೋಗುವವರು ಜೋಡುಗಳನ್ನು ಒಂದು ಬಟ್ಟೆ ಚೀಲದಲ್ಲಿ ಹಾಕಿ ಗೋಡೆ ಬದಿಗಿಡುವುದು ಒಳ್ಳೆಯದು. ಅಲ್ಲಿನ ಹಿರಿಯರೂ ಹಾಗೇ ಮಾಡುತ್ತಾರೆ.

ಮಧ್ಯಾಹ್ನ ಭಿಕ್ಷುಣಿಯರ ಮಠಕ್ಕೆ ಹೋಗಿ ಬಂದೆವು. ಹೂಗಿಡಗಳ ಅಂಗಳ, ಒಗೆದು ಹರವಿದ ಕೆಂಪು ವಸ್ತ್ರಗಳು, ಒಳಗೆ ಯಾರೋ ಜೋರಾಗಿ ಪಾಠ ಒಪ್ಪಿಸುವ ದನಿ. ಗೆಶೆ ಪದವಿ ಬಹುಕಾಲ ಗಂಡಸರಿಗಷ್ಟೇ ಇತ್ತು. 2016ರ ಡಿಸೆಂಬರಿನಲ್ಲಿ, ಇದೇ ಮುಂಡಗೋಡದ ಡ್ರೆಪುಂಗಿನಲ್ಲಿ, ಇಪ್ಪತ್ತು ಭಿಕ್ಷುಣಿಯರು ದಲಾಯಿ ಲಾಮಾ ಅವರ ಕೈಯಿಂದ ‘ಗೆಶೆಮಾ’ ಪದವಿ ಪಡೆದರು. ನಮ್ಮ ನೆಲದಲ್ಲಿ ನಡೆದ ಇಂಥ ಸಂಗತಿ ನಮ್ಮ ಶಾಲೆಯ ಹುಡುಗಿಯರಿಗೆ ಗೊತ್ತಿರಬೇಕಿತ್ತು.

ಬರುವ ದಾರಿಯಲ್ಲಿ ಒಂದು ಮನೆಯ ಮುಂದೆ ತಿಂಗ್ಮೊ ಬೇಯಿಸುತ್ತಿದ್ದರು, ಹಬೆಯಲ್ಲಿ ಬೆಂದ ಬಿಳಿ ಉಂಡೆ, ಹೂವಿನ ಹಾಗೆ ಮಡಿಕೆ ಮಡಿಕೆ. ಬಿಸಿಲಿಗೆ ಕೂತಿದ್ದ ಎಪ್ಪತ್ತು ದಾಟಿದ ಹೆಂಗಸೊಬ್ಬರು ಅವ್ವನ ಸ್ವೆಟರ್ ನೋಡಿ, "ಇದು ಹಳೇದು. ಈಗ ಇಂಥಾ ಉಣ್ಣಿ ಬರಂಗಿಲ್ಲ" ಎಂದರು. ಅಚ್ಚ ಮುಂಡಗೋಡದ ಕನ್ನಡ! ಅವ್ವನಿಗೆ ಅಷ್ಟೇ ಬೇಕಿತ್ತು. ಕಟ್ಟೆಯ ಮೇಲೆ ಕೂತೇ ಬಿಟ್ಟಳು.

ಅವರನ್ನು ಎಲ್ಲರೂ ಅಮಾ-ಲಾ ಎನ್ನುತ್ತಿದ್ದರು. ಅಮಾ ಅಂದರೆ ಅವ್ವ. ‘ಲಾ’ ಅಂದರೆ ನಮ್ಮ ‘ರೀ’ ಇದ್ದಂತೆ, ಮರ್ಯಾದೆಗೆ ಹಚ್ಚುವುದು. ಅಮಾ-ಲಾ ಚಿಕ್ಕವರಿದ್ದಾಗ ತಂದೆಯ ಬೆನ್ನ ಮೇಲೆ ಗಡಿ ದಾಟಿದರು. ತಂದೆ-ತಾಯಿ ಹಿಮಾಚಲದಲ್ಲಿ ರಸ್ತೆ ಕಡಿಯುವ ಕೂಲಿ. 1966ರಲ್ಲಿ ಇಲ್ಲಿ ವಸತಿ ಶುರುವಾದ ಮೇಲೆ ರೈಲಿನಲ್ಲಿ ಬಂದಿಳಿದಾಗ ಇಲ್ಲಿ ಬರೀ ಅಡವಿ, ಸೆಖೆ, ಜ್ವರ. ಮೊದಲ ವರ್ಷ ಎಷ್ಟೋ ಮುದುಕರು ಸೆಖೆ ತಾಳದೆ ಹೋದರು. ಗೋವಿನಜೋಳ ಬಿತ್ತುವುದನ್ನು ಪಕ್ಕದ ಹಳ್ಳಿಯ ಆಳುಗಳು ಕಲಿಸಿದರು. ಅವರ ಜೊತೆ ಕಳೆ ಕೀಳುತ್ತ ಕಲಿತದ್ದು ಈ ಕನ್ನಡ. ಭಿಕ್ಷುಗಳು ಬಂದದ್ದು ಆಮೇಲೆ. ಅವರು ಹತ್ತು ವರ್ಷದ ಹತ್ತಿರ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಹಳೆಯ ಸೆರೆಮನೆಯಲ್ಲಿ ಇದ್ದರು, ಬಹಳ ಜನಕ್ಕೆ ಕ್ಷಯ ಹತ್ತಿತ್ತು.

"ಸ್ವೆಟರ್ ಮಾರಾಕ ಹುಬ್ಬಳ್ಳಿಗೆ ಬರ್ತಿದ್ರೇನ್ರಿ?" ಎಂದು ಅವ್ವ ಕೇಳಿದಳು.

"ನಾ ಅಲ್ಲ, ನನ್ನ ತಂಗಿ. ಆಕಿ ಈಗಿಲ್ಲ."

ಅವ್ವ ಮತ್ತೇನೂ ಕೇಳಲಿಲ್ಲ. ಗಂಟು ಬಿಚ್ಚಿ ನಾಲ್ಕು ಕಟಕ್ ರೊಟ್ಟಿ ತೆಗೆದು ಅವರ ಉಡಿಯಲ್ಲಿಟ್ಟಳು. ಅವರು ಎರಡು ಬಿಸಿ ತಿಂಗ್ಮೊ ಕೊಟ್ಟರು. ಆಕೆಯ ತಂಗಿಯೇ ಅಂದು ಹುಬ್ಬಳ್ಳಿಯಲ್ಲಿ ಕೂತಿದ್ದಳೋ ಏನೋ, ಗೊತ್ತಾಗುವ ಬಗೆಯಿಲ್ಲ. ಹೊರಡುವಾಗ ಅವ್ವ "ಬರ್ತೀನ್ರಿ ಅಮಾ-ಲಾ" ಎಂದಳು.

ಕತ್ತಲಾಗುತ್ತಿದ್ದಂತೆ ಗಾದೆನ್ನಿನ ಕಿಟಕಿ, ಮೆಟ್ಟಿಲು, ಕಟಾಂಜನ, ಮಾಳಿಗೆಯ ಅಂಚುಗಳಲ್ಲೆಲ್ಲ ದೀಪ. ವಿದ್ಯುತ್ ಸರಗಳೂ ಇದ್ದವು, ಆದರೆ ಕಣ್ಣು ಹೋದದ್ದು ಹಿತ್ತಾಳೆಯ ಹಣತೆಗಳ ಸಾಲುಗಳ ಕಡೆ. "ಡಾಲ್ಡಾ" ಎಂದು ಅವ್ವ ವಾಸನೆ ಹಿಡಿದಳು. ಹೌದು, ಬೆಣ್ಣೆಯ ಬದಲು ಈಗ ಹೆಚ್ಚಾಗಿ ವನಸ್ಪತಿಯೇ. ದೀಪ ಹಚ್ಚುವವರು ಬಾಯಿಗೆ ಬಟ್ಟೆ ಅಡ್ಡ ಹಿಡಿದಿದ್ದರು, ದೀಪಕ್ಕೆ ಉಸಿರು ತಾಕಬಾರದೆಂದು. ನಮ್ಮ ಮನೆಯಲ್ಲೂ ದೀಪವನ್ನು ಊದಿ ಆರಿಸಿದರೆ ಬೈಗುಳ ಬೀಳುತ್ತಿತ್ತು. ‘ಆರಿಸು’ ಎಂಬ ಮಾತೇ ಇಲ್ಲ, ‘ದೊಡ್ಡದು ಮಾಡು’ ಎನ್ನಬೇಕು. ದೀಪ ಹಚ್ಚುತ್ತಿದ್ದ ಹೆಂಗಸು ಅವ್ವನ ಕೈಗೂ ಒಂದು ಉರಿಯುವ ಕಡ್ಡಿ ಕೊಟ್ಟಳು. ಅವ್ವ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ಬಾಗಿದಳು. ಒಂದು, ಎರಡು, ಐದು. ಆಕೆಯ ಕೈ ನಡುಗುತ್ತಿತ್ತು. ಐದಾದ ಮೇಲೆ ಕಡ್ಡಿಯನ್ನು ನನಗೆ ಕೊಟ್ಟು "ನಿಮ್ಮಪ್ಪನ ಹೆಸರಿಲೆ ಒಂದ ಹಚ್ಚು" ಎಂದಳು. ಹಚ್ಚಿದೆ.

ಮಾಳಿಗೆಯ ಮೇಲಿಂದ ಭಿಕ್ಷುಗಳ ಮಂತ್ರಘೋಷ ಶುರುವಾಯಿತು. ಸೋಂಗಖಾಪಾ ಅವರನ್ನು ನೆನೆಯುವ ಕೆಲವೇ ಸಾಲುಗಳು, ಮತ್ತೆ ಮತ್ತೆ. ಕೆಳಗೆ ಜನ ದೀಪಗಳ ನಡುವೆ ಪ್ರದಕ್ಷಿಣೆ ಹಾಕುತ್ತ ಅದನ್ನೇ ಹೇಳುತ್ತಿದ್ದರು. ಥಂಡಿಗೆ ಬಾಯಿಂದ ಹೊಗೆ ಬರುತ್ತಿತ್ತು. ನಾವೂ ಒಂದು ಸುತ್ತು, ಇನ್ನೊಂದು, ಮತ್ತೊಂದು. ಅವ್ವನಿಗೆ ಆ ಸಾಲು ಬಾರದು. ತನ್ನ ಪಂಚಾಕ್ಷರಿಯನ್ನು ಅವರ ದನಿಯ ಏರಿಳಿತಕ್ಕೆ ಹೊಂದಿಸಿಕೊಂಡು ಮೆಲ್ಲಗೆ ಹೇಳುತ್ತ ನಡೆದಳು. ಮೂರನೆಯ ಸುತ್ತಿನಲ್ಲಿ ಕೇಳಿದಳು:

"ಇವರೂ ಕಾರ್ತೀಕ ಹಚ್ತಾರಂತ ಮೊದಲ ಯಾಕ ಹೇಳಲಿಲ್ಲ? ಬತ್ತಿ ಹೊಸೆದು ತರ್ತಿದ್ನಿ."

ಮೂರನೆಯ ದಿನ

ಅತ್ತಿವೇರಿ ಪಕ್ಷಿಧಾಮ ನೋಡಿ ಊರಿಗೆ ಹೋಗುವ ಯೋಚನೆಯಿತ್ತು. ಚಳಿಗಾಲದಲ್ಲಿ ಅಲ್ಲಿ ಕೆರೆಯಂಚಿಗೆ ಚಮಚಕೊಕ್ಕಿನ ಹಕ್ಕಿಗಳು ಬರುತ್ತವೆ. ಚೀಲ ಹಿಡಿದು ಕೊನೆಯ ಸಲ ಮಠದ ಕಡೆ ಹೋದೆವು. ರಾತ್ರಿಯ ಹಣತೆಗಳನ್ನೆಲ್ಲ ಅಂಗಳದಲ್ಲಿ ಗುಡ್ಡೆ ಹಾಕಿದ್ದರು. ಗಟ್ಟಿಯಾದ ಜಿಡ್ಡನ್ನು ಹುಡುಗರು ಚಮಚದಿಂದ ಕೆರೆದು ಡಬ್ಬಕ್ಕೆ ತುಂಬುತ್ತಿದ್ದರು, ಇನ್ನು ಕೆಲವರು ಹಳೆಯ ಪತ್ರಿಕೆಯ ತುಂಡುಗಳಿಂದ ಒರೆಸುತ್ತಿದ್ದರು. ಚಪ್ಪಲಿ ತಂದುಕೊಟ್ಟಿದ್ದ ಹುಡುಗನೂ ಇದ್ದ.

ಅವ್ವ ಒರೆಸಿದ ಒಂದು ಹಣತೆಯನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು. ತೃಪ್ತಿಯಾಗಲಿಲ್ಲ. "ಬೂದಿ ಐತೇನ ಸ್ವಾಮೀ?" ಎಂದಳು. ಹುಡುಗನಿಗೆ ಅರ್ಥವಾಗಲಿಲ್ಲ. ನಾನು ಹಿರಿಯ ಭಿಕ್ಷುವಿನ ಹತ್ತಿರ ಹೋಗಿ, ಅವ್ವ ಕೂತು ನಾಲ್ಕು ದೀಪ ತಿಕ್ಕಿದರೆ ಅಡ್ಡಿಯಿಲ್ಲವೇ ಎಂದು ಕೇಳಿದೆ. ಅವರು ನಕ್ಕು, ಅಡುಗೆಮನೆಯಿಂದ ಒಂದು ಬುಟ್ಟಿ ಬೂದಿ ತರಿಸಿದರು, ಜೊತೆಗೊಂದು ಮಣೆ.

ಸ್ವೆಟರಿನ ತೋಳನ್ನು ಮೊಣಕೈವರೆಗೆ ಏರಿಸಿ ಅವ್ವ ಕೂತಳು. ಹುಣಸೆಹಣ್ಣು ಇದ್ದಿದ್ದರೆ ಇನ್ನೂ ಚಲೋ ಆಗುತ್ತಿತ್ತು ಎಂದು ಎರಡು ಸಲ ಹೇಳಿದಳು. ಹುಡುಗರು ತಮ್ಮ ಪತ್ರಿಕೆಯ ತುಂಡುಗಳನ್ನು ಬಿಟ್ಟು ಒಬ್ಬೊಬ್ಬರಾಗಿ ಬೂದಿಗೆ ಕೈ ಹಾಕಿದರು. ಒಂಬತ್ತರ ಬಸ್ಸು ಹೋಯಿತು. ಹತ್ತೂವರೆಗೆ ಇನ್ನೊಂದಿತ್ತು.